ಲೋಪಸಂಧಿ

ನಲವತ್ತು ಸುರಾಹಿಗಳನ್ನು ಮೂರನೇ ಸಲ ಬಿಚ್ಚುತ್ತಿದ್ದೇನೆ.
ಹುಲ್ಲು, ಹಳೆ ಪೇಪರು, ಮತ್ತೆ ಹುಲ್ಲು.
ಪೆಟ್ಟಿಗೆಯ ಮೇಲೆ ಬಂದರಿನ ಹೆಸರು ನಾನೇ ಬರೆದದ್ದು, ನೀಲಿ ಬಣ್ಣದಲ್ಲಿ.
ಮುಂಬೈಗೆ ಹೋಗಿ, ಹಡಗು ಹತ್ತದೆ ತಿರುಗಿ ಬಂದು
ಕೊನೆಯ ಅಕ್ಷರ ಉಪ್ಪುಗಾಳಿ ಕುಡಿದು ಕರಗಿದೆ.

"ಕದನವಿರಾಮ ಮುರೀತಂತ್ರೀ" ಅಂದ ಟೆಂಪೋದ ಬಸಣ್ಣ,
ಯಾರದೋ ಮನೆಯ ಮಂಚ ಮುರಿದಷ್ಟು ಸಲೀಸಾಗಿ.
ಬಾಡಿಗೆ ಎಣಿಸಿಕೊಂಡು ಹೋದ.

ಲತೀಫ್ ಉಸ್ತಾದರು ಏನೂ ಅನ್ನಲಿಲ್ಲ.
ಫೋನಿನಲ್ಲಿ ಬೆಳ್ಳಿಯ ದರ ನೋಡಿದರು,
ಕನ್ನಡಕ ಒರೆಸಿ ಮತ್ತೆ ನೋಡಿದರು.
ಅಲ್ಲಿ ಒಂದು ಹಡಗಿಗೆ ಬೆಂಕಿ ಹತ್ತಿದರೆ
ಇಲ್ಲಿ, ಬೀದರಿನ ಚೌಬಾರಾದ ಹಿಂದಿನ ಓಣಿಯಲ್ಲಿ,
ತಂತಿ ಒಂದು ಕೂದಲೆಳೆ ತೆಳ್ಳಗಾಗುತ್ತದೆ.
ಹೋದ ವರ್ಷದ ಹೂಜಿ ನೋಡಿ, ಈ ವರ್ಷದ್ದು ನೋಡಿ:
ಹೂವು ಅದೇ, ಎಲೆ ಅದೇ,
ಬಳ್ಳಿ ಮಾತ್ರ ಜ್ವರ ಬಿಟ್ಟು ಎದ್ದವರ ಕೈಯಂತೆ.
ಕೊಂಡವರಿಗೆ ಗೊತ್ತಾಗುವುದಿಲ್ಲ.
ನಮಗೆ ಗೊತ್ತಾಗುತ್ತದೆ.

ಆ ಕಡೆಯ ಸೇಠ, ಪರವೀಜ್ ಅಂತ, ಮುಖ ಕಂಡಿಲ್ಲ,
ಮುರುಕು ಉರ್ದುವಿನಲ್ಲಿ ವಾಯ್ಸ್ ಮೆಸೇಜು ಹಾಕುತ್ತಾನೆ:
ಜಲಸಂಧಿ ಬಂದ್. ಅಂಗಡಿ ಇದೆ. ಗಾಜಿಲ್ಲ. ಸುರಾಹಿ ಹುಷಾರು.
ಗಾಜಿಲ್ಲದ ಅಂಗಡಿಯಲ್ಲಿ ಕೂತು
ನನ್ನ ಹುಲ್ಲಿನೊಳಗಿನ ಸುರಾಹಿಗೆ ಹೆದರುವ ಮನುಷ್ಯ.
ಅವನ ಮಾತಿನ ಹಿಂದೆ ಯಾವಾಗಲೂ ಒಂದು ಮಗು
ಏನೋ ಬಾಯಿಪಾಠ ಹೇಳುತ್ತಿರುತ್ತದೆ, ತಪ್ಪಿ, ಮತ್ತೆ ಮೊದಲಿಂದ.

ನನ್ನ ಎಸ್ತೇರಿಗೂ ನಾಳೆ ಟೆಸ್ಟು.
ಬಿಚ್ಚಿದ ಹುಲ್ಲಿನ ಮೇಲೇ ಕೂತು ವ್ಯಾಕರಣ ಓದುತ್ತಾಳೆ.
"ಜಲಸಂಧಿ ಯಾವ ಸಂಧಿ ಅವ್ವಾ?
ಬುಕ್ಕಿನ್ಯಾಗ ಮೂರೇ ಅವ. ಲೋಪ, ಆಗಮ, ಆದೇಶ."
ಅದು ಸಮುದ್ರದ್ದು, ನಿನ್ನ ಪರೀಕ್ಷೆಗೆ ಬರಲ್ಲ ಅಂದೆ.
ಎರಡು ಸ್ವರ ಎದುರುಬದುರು ಕೂರಬಾರದಂತೆ.
ಒಂದು ಎದ್ದು ಹೋಗಬೇಕಂತೆ.
ಅರ್ಥ ಕೆಡದಿದ್ದರೆ ಸಾಕಂತೆ.
"ಊರು, ಅಲ್ಲಿ. ಕೂಡಿದ್ರ ಊರಲ್ಲಿ.
ಉ ಎಲ್ಲಿಗಿ ಹೋಯ್ತು?"

ಮೇಲೆ ಏರ್‌ಫೋರ್ಸಿನ ಹುಡುಗರೂ ಕಲಿಯುತ್ತಿದ್ದಾರೆ,
ಆಕಾಶದ ಪಾಟಿಯ ಮೇಲೆ ಒಂದೇ ಗೆರೆಯನ್ನು ಹತ್ತು ಸಲ ತಿದ್ದುತ್ತ.
ಗವಾನನ ಮದರಸಾದ ಪಾರಿವಾಳಗಳು ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಕೂರುತ್ತವೆ.
ಅಲ್ಲಿಗೆ ಒಂದು ಕಾಲಕ್ಕೆ ಆ ಸಮುದ್ರ ದಾಟಿಯೇ ಪುಸ್ತಕ ಬರುತ್ತಿದ್ದವು.
ಆಮೇಲೆ ಯಾರೋ ಅದರ ಕೋಣೆಗಳಲ್ಲಿ ಮದ್ದು ತುಂಬಿಟ್ಟರು.
ಒಂದು ಮಿನಾರು ಉಳಿದಿದೆ,
ಇನ್ನೊಂದರ ಬುಡದ ಹತ್ತಿರ ಕಾಲೇಜು ಹುಡುಗರು ಫೋಟೋ ತೆಗೆಸಿಕೊಳ್ಳುತ್ತಾರೆ.
ಗೈಡು ಸಿಡಿಲು ಬಿತ್ತು ಅನ್ನುತ್ತಾನೆ.
ಸಿಡಿಲಿನ ಮೇಲೆ ಹಾಕುವುದು ಸುಲಭ,
ಅದು ಯಾವ ಸಭೆಗೂ ಬಂದು ಇಲ್ಲ ಅನ್ನುವುದಿಲ್ಲ.

ಸಂಜೆ ಉಸ್ತಾದರು ಒಂದು ಬಟ್ಟಲನ್ನು ಕಪ್ಪು ಮಾಡಲು ಕೂತರು.
ಕೋಟೆಯೊಳಗಿನ ಮಣ್ಣು, ಬಿಸಿಲು ಮಳೆ ಕಾಣದ್ದು,
ನಾಲಿಗೆಗೆ ತಾಗಿಸಿ ಆರಿಸಿದ್ದು.
ಇದಕ್ಕೆ ಈ ಖಾರ ಎಲ್ಲಿಂದ ಬಂತು ಅಂತ ಕೇಳಿದೆ.
"ತೋಪಿನ ಮದ್ದೋ, ಕುದುರಿ ಉಚ್ಚಿಯೋ,
ಬಾದಶಾಹರಿಗಿ ಕೇಳು" ಅಂದು ನಕ್ಕರು,
ಈ ವಾರದಲ್ಲಿ ಮೊದಲ ಸಲ.
ಕುದಿನೀರಿನಲ್ಲಿ ಬಟ್ಟಲು ಕಪ್ಪಾಯಿತು.
ಬೆಳ್ಳಿ ಹಾಗೇ ಉಳಿಯಿತು, ಎಷ್ಟಿತ್ತೋ ಅಷ್ಟು.

ಊಟದ ಹೊತ್ತಿಗೆ ಪರವೀಜ್ ಮತ್ತೆ.
ಮತ್ತೆ ವಿರಾಮ. ಹತ್ತು ದಿನ ಅಂತಾರೆ. ಕಳಿಸಿಬಿಡಿ, ಬೇಗ.
ಉಸ್ತಾದರು ನನ್ನ ಮುಖ ನೋಡಿದರು.
ನಾನು ಆ ಮೆಸೇಜನ್ನು ಇನ್ನೊಮ್ಮೆ ಹಾಕಿಸಿದೆ.
ಮತ್ತೊಮ್ಮೆ.
ಅವನ ಮಾತಿನ ಹಿಂದೆ ಫ್ಯಾನು ತಿರುಗುವ ಸದ್ದು,
ದೂರದಲ್ಲೊಂದು ಗಾಡಿ. ಅಷ್ಟೇ.
ಮಲಗಿರಬಹುದು.
ಅಲ್ಲಿ ಇನ್ನೂ ಬೆಳಕಿರುವ ಹೊತ್ತು.

"ನೀ ಹೇಳಲೇ ಇಲ್ಲ ಅವ್ವಾ, ಉ ಎಲ್ಲಿಗಿ ಹೋಯ್ತಂತ."
ಎದ್ದೇಳು ಅಂದೆ ಅವಳಿಗೆ, ಹುಲ್ಲು ಬೇಕು.
ಅವಳ ಮೈಬಿಸಿ ಇನ್ನೂ ಇದ್ದ ಹುಲ್ಲನ್ನು ಬಾಚಿ
ಮೊದಲ ಸುರಾಹಿಗೆ ಸುತ್ತಿದೆ.
ಆಮೇಲೆ ಬ್ರಶ್ಶು ಹುಡುಕಿ, ನೀಲಿ ಬಣ್ಣ ನೀರಿಗೆ ಕಲಸಿ,
ಪೆಟ್ಟಿಗೆಯ ಮೇಲೆ ಕರಗಿಹೋದ ಅಕ್ಷರವನ್ನು ತಿದ್ದಿದೆ.